ತಂತಿ ಇಳಿಸಿದ ಮಧ್ಯಾಹ್ನ

ಸಾಗರದ ಒಂದು ಮನೆ. ಆಷಾಢದ ಮಳೆ ಮೂರು ದಿನದಿಂದ ಬಿಟ್ಟಿಲ್ಲ. ಜಗಲಿಯಲ್ಲಿ ಮಡಚಿದ ಕಂಬಳಿ, ಅದರ ಮೇಲೆ ಒಂದು ಗಿಟಾರ್. ಮಾತಾಡುತ್ತಿರುವವರು ಸೋದರಮಾವ ಮತ್ತು ಅವರ ಅಕ್ಕನ ಮಗಳು.

— ಮಾವ, ಇದನ್ನ ಮಾರಿಬಿಡೋಣ ಅಂತಿದ್ದೀನಿ.

— ಯಾಕೆ? ತಗೊಂಡು ಇನ್ನೂ ವರ್ಷ ಆಗಿಲ್ಲ.

— ನನ್ನ ಕೈಗೆ ಆಗಲ್ಲ ಇದು. ಎಫ್ ಕಾರ್ಡ್ ಹಿಡಿದ್ರೆ ಆರು ತಂತೀಲಿ ಎರಡು ನುಡಿಯುತ್ತೆ, ಉಳಿದಿದ್ದೆಲ್ಲ ಬರೀ ಟಪ್ ಟಪ್. ಕ್ಲಾಸಲ್ಲಿ ಹೇಳಿದೆ. ಬೆರಳ ತುದಿ ಗಟ್ಟಿಯಾಗೋವರೆಗೂ ಒತ್ತು, ಎಲ್ಲರೂ ಹೀಗೇ ಕಲಿತಿದ್ದು ಅಂದ್ರು. ಎಂಟು ತಿಂಗಳಿಂದ ಒತ್ತುತ್ತಾನೇ ಇದ್ದೀನಿ.

— ಕೈ ತೋರಿಸು. ತುದಿ ಗಟ್ಟಿಯಾಗೇ ಇದೆಯಲ್ಲೇ, ಇನ್ನೆಷ್ಟು ಗಟ್ಟಿಯಾಗ್ಬೇಕು? ಅಂದ್ರೆ ನೀನು ಅಭ್ಯಾಸ ತಪ್ಪಿಸಿಲ್ಲ. ಗಿಟಾರ್ ಈ ಕಡೆ ಕೊಡು. ಮನೇಲಿ ಎಷ್ಟು ಎಟಿಎಂ ಕಾರ್ಡ್ ಇದಾವೆ?

— ಎಟಿಎಂ ಕಾರ್ಡಾ? ಅಪ್ಪಂದು ಎರಡು, ಅಮ್ಮಂದು ಒಂದು, ನಂದು ಒಂದು.

— ನಾಲ್ಕೂ ತಗೊಂಡು ಬಾ. ಹಾಂ, ಈಗ ನೋಡು. ಹನ್ನೆರಡನೇ ಫ್ರೆಟ್ ಮೇಲೆ, ಅಂದ್ರೆ ಈ ಎರಡು ಚುಕ್ಕೆ ಇರೋ ಕಡೆ, ದಪ್ಪ ತಂತಿ ಕೆಳಗೆ ನಾಲ್ಕು ಕಾರ್ಡನ್ನೂ ಜೋಡಿಸಿ ತೂರಿಸ್ತೀನಿ. ಹೋಯ್ತಾ? ತಂತಿಗೆ ತಾಗ್ಲೂ ಇಲ್ಲ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್. ನಾಲ್ಕಕ್ಕೆ ಮೂರು ಮಿಲಿಮೀಟರ್ ದಾಟ್ತು. ಸರಿಯಾಗಿ ಕೂರಿಸಿದ ಸ್ಟೀಲ್ ತಂತಿ ಗಿಟಾರಲ್ಲಿ ಮೂರು ಕಾರ್ಡ್ ಹೋಗುತ್ತೆ, ನಾಲ್ಕನೇದು ಹೋಗಬಾರದು.

— ಅಂಗಡಿಯವರು ಎಲ್ಲಾ ಸರಿ ಇದೆ ಅಂತ ಹೇಳೇ ಕೊಟ್ಟಿದ್ದು.

— ಹೊಸ ಗಿಟಾರಿಗೆ ಸ್ವಲ್ಪ ಎತ್ತರ ಬಿಟ್ಟೇ ಕಳಿಸೋದು ಬಹಳ ಕಡೆ ರೂಢಿ. ತಂತಿ ಕೆಳಗಿದ್ರೆ ಫ್ರೆಟ್ಟಿಗೆ ಬಡಿದು ಜಿರ್ ಅನ್ನುತ್ತೆ. ಜಿರ್ ಅಂದ್ರೆ ಗಿರಾಕಿ ವಾಪಸ್ ತರ್ತಾನೆ. ಎತ್ತರ ಇದ್ರೆ ಯಾರೂ ವಾಪಸ್ ತರಲ್ಲ, ತನ್ನ ಬೆರಳಲ್ಲೇ ಏನೋ ಕೊರತೆ ಇದೆ ಅಂದ್ಕೊಂಡು ಸುಮ್ಮನಾಗ್ತಾನೆ. ನನಗೆ ಬೇಜಾರಾಗೋದು ಅಲ್ಲೇ. ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದ ಕಾಲದಿಂದ ನೋಡ್ತಾ ಬಂದಿದ್ದೀನಿ. ಸ್ವರಜ್ಞಾನ ಇದ್ದ ಮಕ್ಕಳು, ತಾಳ ಕೈಯಲ್ಲೇ ಇದ್ದ ಮಕ್ಕಳು ಎಫ್ ಹತ್ರ ಬಂದು ನಿಂತುಬಿಟ್ರು. ಗಿಟಾರ್ ಅಟ್ಟ ಸೇರ್ತು. ಒಂದು ಮಿಲಿಮೀಟರ್ ಇಳಿಸಿದ್ರೆ ಅವರು ಇವತ್ತೂ ನುಡಿಸ್ತಿರ್ತಿದ್ರು.

— ಅಜ್ಜಿ ವೀಣೆ ಕಲಿಯುವಾಗ ಅವರಿಗೂ ಬೆರಳು ನೋಯ್ತಿತ್ತಂತೆ.

— ನೋಯ್ತಿತ್ತು. ಆದ್ರೆ ಅಜ್ಜಿ ವೀಣೆಗೆ ಮೇಳ ಕಟ್ಟೋರು ಬರ್ತಿದ್ದದ್ದು ನಿನಗೆ ಗೊತ್ತಿಲ್ಲ, ನೀನು ಹುಟ್ಟೋಕೆ ಮುಂಚೆ. ವೀಣೆಯ 24 ಮೆಟ್ಟಿಲೂ ಮೇಣದ ಮೇಲೆ ಕೂತಿರೋದು. ಜೇನುಮೇಣಕ್ಕೆ ಮಸಿ ಕಲಸಿದ ಕಪ್ಪು ಮೇಣ. ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಎಳ್ಳಷ್ಟು ಸರಿದ್ರೂ ಸ್ವರ ಕೆಡುತ್ತೆ. ಆಗ ಮೇಳ ಕಟ್ಟೋರು ಬಂದು ಇದೇ ಜಗಲೀಲಿ ಕೂತು, ಮೇಣ ಬಿಸಿ ಮಾಡಿ, ಒಂದೊಂದೇ ಮೆಟ್ಟಿಲು ಸರಿಸಿ, ನುಡಿಸಿ ಕೇಳಿ, ಮತ್ತೆ ಸರಿಸಿ ಕೂರಿಸ್ತಿದ್ರು. ಕಾಫಿ ಮೇಲೆ ಕಾಫಿ ಹೋಗ್ತಿತ್ತು ಅವರಿಗೆ. ಆ ದಿನಗಳಲ್ಲಿ ಯಾರೂ ಅಜ್ಜಿಗೆ ನಿನ್ನ ಬೆರಳು ಸರಿ ಇಲ್ಲ ಅನ್ಲಿಲ್ಲ. ವಾದ್ಯ ಅಂದ್ಮೇಲೆ ಆಗಾಗ ಕೂರಿಸ್ಬೇಕು ಅನ್ನೋದು ಮನೇಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗಿಟಾರ್ ಮನೆಗೆ ಬಂದಾಗ ಮಾತ್ರ ಆ ತಿಳಿವಳಿಕೆ ಬಿಟ್ಟುಹೋಯ್ತು. ಅಂಗಡಿಯಿಂದ ಬಂದಿದ್ದೇ ಕಡೇ ರೂಪ ಅಂದ್ಕೊಂಡ್ವಿ.

— ಹಾಗಾದ್ರೆ ಇದನ್ನೂ ಇಲ್ಲೇ ಕೂರಿಸಬಹುದಾ?

— ಇವತ್ತೇ ಕೂರಿಸೋಣ. ಆದ್ರೆ ಅಳತೆ ಬರೆದುಕೊಳ್ಳದೆ ಯಾವುದನ್ನೂ ಮುಟ್ಟೋ ಹಾಗಿಲ್ಲ. ಮೊದಲು ಶ್ರುತಿ ಮಾಡು, ಇ-ಎ-ಡಿ-ಜಿ-ಬಿ-ಇ, ಸರಿಯಾಗಿ. ಆರು ತಂತಿ ಶ್ರುತಿಗೆ ಬಂದಾಗ ಎಲ್ಲಾ ಸೇರಿ ಈ ನೆಕ್ಕನ್ನ ಸುಮಾರು 70 ಕೆಜಿ ಬಲದಲ್ಲಿ ಎಳೀತಿರುತ್ತವೆ. ಒಬ್ಬ ದೊಡ್ಡ ಆಳು ಜೋತುಬಿದ್ದ ಹಾಗೆ. ಆ ಎಳೆತ ಇರುವಾಗ ಅಳೆದದ್ದೇ ಅಳತೆ. ತಂತಿ ಸಡಿಲ ಬಿಟ್ಟು ಅಳೆದದ್ದು ಸುಳ್ಳು ಲೆಕ್ಕ.

— ಶ್ರುತಿ ಆಯ್ತು. ನನ್ನ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತರ್ಲಾ?

— ಅದು ಬೇಡ. ಅದರಲ್ಲಿ ಸೊನ್ನೆಗೆ ಮುಂಚೆ ಖಾಲಿ ಅಂಚು ಇರುತ್ತೆ. ಈ ಸ್ಟೀಲ್ ಸ್ಕೇಲ್ ನೋಡು, ಸೊನ್ನೆ ತುದಿಯಿಂದಲೇ ಶುರು, ಅರ್ಧ ಮಿಲಿಮೀಟರಿಗೂ ಗೆರೆ ಇದೆ. ಇದನ್ನ ಹನ್ನೆರಡನೇ ಫ್ರೆಟ್ಟಿನ ತಲೆ ಮೇಲೆ ನೆಟ್ಟಗೆ ನಿಲ್ಲಿಸು. ಮರದ ಮೇಲಲ್ಲ, ಲೋಹದ ಮೇಲೆ. ಕಣ್ಣನ್ನ ತಂತಿಯ ಮಟ್ಟಕ್ಕೆ ತಗೊಂಡು ಹೋಗು. ತಂತಿಯ ಕೆಳಗಿನ ಅಂಚು ಎಲ್ಲಿದೆ?

— ಮೂರೂವರೆ ಗೆರೆಗೆ ಚೂರು ಕಡಿಮೆ. 3.4 ಅನ್ನಬಹುದು. ಸಣ್ಣ ತಂತಿ... 2.7.

— ಬರ್ಕೋ. ದಪ್ಪ ತಂತಿಗೆ 2.4ರ ಆಸುಪಾಸು, ಸಣ್ಣ ತಂತಿಗೆ 1.8ರ ಆಸುಪಾಸು ಇದ್ರೆ ಹೆಚ್ಚಿನವರ ಕೈಗೆ ಹಿತವಾಗಿರುತ್ತೆ. ಜೋರಾಗಿ ಬಾರಿಸೋರು ಸ್ವಲ್ಪ ಜಾಸ್ತಿ ಇಟ್ಕೊಳ್ತಾರೆ, ಯಾಕಂದ್ರೆ ಜೋರಾಗಿ ಮೀಟಿದ ತಂತಿ ಅಗಲವಾಗಿ ಅಲುಗುತ್ತೆ, ಅದಕ್ಕೆ ಜಾಗ ಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೂ ಹಾಗೇ, ಅಲ್ಲಿ 4 ಮತ್ತು 3 ಮಿಲಿಮೀಟರ್ ಇದ್ರೂ ಸರಿಯೇ.

— ಮಾವ, ಏಪ್ರಿಲಲ್ಲಿ ಇಷ್ಟು ಕಷ್ಟ ಇರ್ಲಿಲ್ಲ. ಅಥವಾ ನನಗೆ ಹಾಗನ್ಸುತ್ತಾ?

— ಅನ್ಸೋದಲ್ಲ, ನಿಜ. ದೇವರಮನೆ ಬಾಗಿಲು ಮಳೆಗಾಲದಲ್ಲಿ ಹಿಡ್ಕೊಳ್ಳುತ್ತಲ್ಲ, ಅದೇ ಇಲ್ಲೂ ಆಗೋದು. ಗಿಟಾರಿನ ಮುಖದ ಹಲಗೆ ಮೂರು ಮಿಲಿಮೀಟರ್ ದಪ್ಪಾನೂ ಇಲ್ಲದ ಸ್ಪ್ರೂಸ್ ಮರ. ತೇವ ಕುಡಿದು ಉಬ್ಬುತ್ತೆ, ಅದರ ಮೇಲೆ ಅಂಟಿಸಿರೋ ಬ್ರಿಡ್ಜ್ ಮೇಲಕ್ಕೇಳುತ್ತೆ, ತಂತಿಯೂ ಅದರ ಜೊತೆ ಏಳುತ್ತೆ. ಡಿಸೆಂಬರ್ ಚಳಿಗೆ ಗಾಳಿ ಒಣಗಿದಾಗ ಹಲಗೆ ಕುಗ್ಗಿ ಇಳಿಯುತ್ತೆ. ಗಾಳಿಯ ತೇವಾಂಶ ನೂರಕ್ಕೆ 45ರಿಂದ 55 ಇದ್ರೆ ಗಿಟಾರಿಗೆ ಒಳ್ಳೇದು. ನಮ್ಮೂರ ಮಳೆಗಾಲದಲ್ಲಿ ಅದು ಎಲ್ಲಿಂದ ಸಿಗ್ಬೇಕು? ಅದಕ್ಕೇ ಕೇಸಿನ ಒಳಗಿಡು, ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕು, ಗೋಡೆಗೆ ಒರಗಿಸಿ ಬಿಡಬೇಡ. ಮತ್ತೆ ಇವತ್ತು ಇಳಿಸುವಾಗ ಪೂರ್ತಿ ಇಳಿಸೋದೂ ಬೇಡ. ಈಗಲೇ 2.3ಕ್ಕೆ ತಂದ್ರೆ ಡಿಸೆಂಬರಲ್ಲಿ ಜಿರ್ ಅನ್ನುತ್ತೆ. 2.6ಕ್ಕೆ ನಿಲ್ಲಿಸೋಣ.

— ಹಲಗೆ ಉಬ್ಬಿದೆಯೋ, ಬ್ರಿಡ್ಜೇ ಕಿತ್ಕೊಂಡು ಬರ್ತಿದೆಯೋ ಹೇಗೆ ಗೊತ್ತಾಗುತ್ತೆ?

— ಅದನ್ನ ನೋಡದೆ ಮುಂದೆ ಹೋಗೋ ಹಾಗೇ ಇಲ್ಲ. ನೋಟ್‌ಬುಕ್ಕಿಂದ ಒಂದು ಹಾಳೆ ಹರಿ. ಅದರ ಅಂಚನ್ನ ಬ್ರಿಡ್ಜಿನ ಹಿಂಬದಿಯ ತಳಕ್ಕೆ ತೂರಿಸೋಕೆ ನೋಡು. ಹೋಗ್ತಿದೆಯಾ?

— ಇಲ್ಲ, ಮಡಚಿಕೊಳ್ತಿದೆ.

— ಹಾಗಾದ್ರೆ ಅಂಟು ಗಟ್ಟಿ ಇದೆ. ಕಾಗದ ಒಳಗೆ ಹೋಗಿದ್ರೆ ನಾನು ಇಲ್ಲಿಗೇ ನಿಲ್ಲಿಸಿ ರಿಪೇರಿಯವರ ಹತ್ರ ಕಳಿಸ್ತಿದ್ದೆ. ಏಳುತ್ತಿರೋ ಬ್ರಿಡ್ಜಿನ ಮೇಲೆ ತಂತಿ ಇಳಿಸೋದು, ಬಿರುಕು ಬಿಟ್ಟ ಗೋಡೆಗೆ ಸುಣ್ಣ ಹೊಡೆದ ಹಾಗೆ. ಇನ್ನೊಂದು ನೋಡೋದಿದೆ. ಈ ಉದ್ದ ಸ್ಕೇಲನ್ನ ತಂತಿಗಳ ಮಧ್ಯೆ ಫ್ರೆಟ್ಟುಗಳ ಮೇಲೆ ಮಲಗಿಸಿ ಬ್ರಿಡ್ಜ್ ಕಡೆಗೆ ತಳ್ಳು. ತುದಿ ಬ್ರಿಡ್ಜಿನ ಮರದ ಮೇಲ್ಭಾಗಕ್ಕೆ ಬಂದು ನಿಲ್ತು ನೋಡು. ಚೆನ್ನಾಗಿದೆ. ಅದು ಬ್ರಿಡ್ಜಿನ ಹೊಟ್ಟೆಗೆ ಡಿಕ್ಕಿ ಹೊಡೆದಿದ್ರೆ ನೆಕ್ಕೇ ಮುಂದಕ್ಕೆ ಬಾಗಿದೆ ಅಂತ ಅರ್ಥ. ಹಳೇ ಗಿಟಾರುಗಳಲ್ಲಿ ಅದು ಇರುತ್ತೆ. ನೆಕ್ ಬಿಚ್ಚಿ ಕೂರಿಸೋ ಕೆಲಸ ಮನೇದಲ್ಲ.

— ಈ ಬ್ರಿಡ್ಜ್ ಯಾವ ಮರ ಮಾವ? ಕಪ್ಪಗೆ, ನಮ್ಮ ಹಳೇ ಮಂಚದ ಹಾಗಿದೆ.

— ಮಂಚದ ಮರವೇ. ಬೀಟೆ. ನಮ್ಮ ಘಟ್ಟದ ಬೀಟೆಯನ್ನ ಇಡೀ ಜಗತ್ತಿನ ಗಿಟಾರ್ ಮಾಡೋರು ಬಳಸ್ತಾರೆ. ಅಮೆರಿಕದ ಮಾರ್ಟಿನ್ ಕಂಪನಿ 1833ರಲ್ಲಿ ಶುರುವಾದದ್ದು. ಬಹಳ ಕಾಲ ಬ್ರೆಜಿಲಿನ ರೋಸ್‌ವುಡ್ ಹಾಕ್ತಿದ್ರು. ಅದು ಸಿಗೋದು ಕಷ್ಟವಾಗಿ 1969ರಲ್ಲಿ ಭಾರತದ ಬೀಟೆಗೆ ಬಂದ್ರು. ಮರದ ದಾಸ್ತಾನಿನ ಮುಂದೆ ಲಾರಿ ನಿಂತಾಗ ಆ ಮರದ ತುಂಡು ಎಲ್ಲಿಗೆ ಹೋಗಿ ಏನಾಗುತ್ತೆ ಅಂತ ನಾನು ಚಿಕ್ಕವನಿದ್ದಾಗ ಯೋಚಿಸ್ತಿದ್ದೆ. ಇರಲಿ, ಕೆಲಸಕ್ಕೆ ಬರೋಣ. ತಂತಿಯ ಎತ್ತರ ನಿರ್ಧಾರ ಆಗೋದು ಮೂರು ಕಡೆ. ತಲೆ ಕಡೆ ಈ ಬಿಳಿ ತುಂಡು, ನಟ್. ಬ್ರಿಡ್ಜ್ ಮೇಲಿನ ಈ ಬಿಳಿ ಪಟ್ಟಿ, ಸ್ಯಾಡಲ್. ವೀಣೆಯಲ್ಲಾದ್ರೆ ಕುದುರೆ ಅಂತೀವಲ್ಲ, ಅದರ ಕೆಲಸ ಇದರದ್ದು. ಇವೆರಡರ ನಡುವೆ ನೆಕ್ಕಿನ ಬಾಗು.

— ನೆಕ್ ನೆಟ್ಟಗೇ ಇದೆಯಲ್ಲ?

— ಪೂರ್ತಿ ನೆಟ್ಟಗಿರಬಾರದು. ಮೀಟಿದ ತಂತಿ ಮಧ್ಯದಲ್ಲಿ ಹೆಚ್ಚು ಅಲುಗುತ್ತೆ, ಅಲ್ಲಿ ಅದಕ್ಕೆ ಕೂದಲೆಳೆಯಷ್ಟು ಕುಳಿ ಬೇಕು. ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು, ಆ ಕ್ಯಾಪೊ ತಗೊಂಡು ಮೊದಲನೇ ಫ್ರೆಟ್ಟಿಗೆ ಹಾಕು. ಬಲಗೈಯಲ್ಲಿ ದಪ್ಪ ತಂತಿಯನ್ನ ಹದಿನಾಲ್ಕನೇ ಫ್ರೆಟ್ಟಿಗೆ ಒತ್ತು. ಈಗ ಆ ತಂತಿಯೇ ನಮಗೆ ನೇರ ಪಟ್ಟಿ ಆಯ್ತು. ಏಳನೇ ಫ್ರೆಟ್ಟಿಗೂ ತಂತಿಗೂ ಎಷ್ಟು ಸಂದಿ ಇದೆ ನೋಡ್ಬೇಕು. ಆ ಚೀಲದಲ್ಲಿ ಫೀಲರ್ ಗೇಜ್ ಇದೆ, ಕೊಡು.

— ಇದು ಗ್ಯಾರೇಜಲ್ಲಿ ಇರೋದಲ್ವಾ?

— ಬೈಕಿನ ಟ್ಯಾಪೆಟ್ ಕೂರಿಸೋದು ಇದರಲ್ಲೇ. ಎಲೆ ಎಲೆ ಸ್ಟೀಲ್, ಒಂದೊಂದರ ಮೇಲೂ ಅದರ ದಪ್ಪ ಬರೆದಿದೆ. ಆಟೊಮೊಬೈಲ್ ಅಂಗಡೀಲಿ ಸಿಗುತ್ತೆ. 0.20 ತೂರಿಸಿದೆ, ತಂತಿ ಅಲುಗ್ಲೂ ಇಲ್ಲ. 0.30, ಇನ್ನೂ ಸಡಿಲ. 0.40, ಈಗ ಸವರಿಕೊಂಡು ಹೋಯ್ತು. 0.45ಕ್ಕೆ ತಂತಿ ಎದ್ದಿತು. ಅಂದ್ರೆ ಕುಳಿ 0.4. ಬೇಕಾಗಿರೋದು ಹೆಚ್ಚೆಂದರೆ 0.25. ಇದನ್ನ ನೆಕ್ಕಿನೊಳಗಿರೋ ಸಲಾಕೆ, ಅಂದ್ರೆ ಟ್ರಸ್ ರಾಡಲ್ಲಿ ಸರಿ ಮಾಡೋಣ. ಆದ್ರೆ ಒಂದು ಮಾತು, ಇದನ್ನ ಚೆನ್ನಾಗಿ ಕೇಳಿಸ್ಕೋ.

— ಹೇಳಿ.

— ಟ್ರಸ್ ರಾಡ್ ಇರೋದು ತಂತಿ ಇಳಿಸೋಕಲ್ಲ, ನೆಕ್ಕಿನ ಬಾಗು ಹಿಡಿಯೋಕೆ. ನನಗದು ಗೊತ್ತಿರ್ಲಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ, ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಗೆಳೆಯನ ಗಿಟಾರ್ ಕೇಳಿ ತಂದಿದ್ದೆ. ತಂತಿ ಎತ್ತರ ಇತ್ತು. ಯಾರೋ ರಾಡಿಗೆ ಕೀ ಹಾಕಿ ತಿರುಗಿಸಿದ್ರೆ ಇಳಿಯುತ್ತೆ ಅಂದ್ರು. ತಿರುಗಿಸ್ದೆ. ಸ್ವಲ್ಪ ಇಳೀತು. ಇನ್ನೂ ತಿರುಗಿಸ್ದೆ. ಬಿಗಿ ಆಯ್ತು, ಆದ್ರೂ ಬಿಡಲಿಲ್ಲ, ಕೀಗೆ ಪೈಪ್ ಸಿಕ್ಕಿಸಿ ತಿರುಗಿಸ್ದೆ. ಒಳಗಿಂದ ಒಂದು ಶಬ್ದ ಬಂತು, ಒಣಗಿದ ಕಡ್ಡಿ ಮುರಿದ ಹಾಗೆ. ರಾಡಿನ ತುದಿಯ ನಟ್ಟಿನ ಹಲ್ಲು ಹೋಗಿತ್ತು. ಅವನು ಅವರಪ್ಪನ ಹತ್ರ ಜಗಳ ಮಾಡಿ ಕೊಡಿಸಿಕೊಂಡಿದ್ದ ಗಿಟಾರದು. ದುಡ್ಡು ಕೊಟ್ಟೆ, ತಗೊಂಡ. ಆದ್ರೆ ಆಮೇಲೆ ಅವನು ಇನ್ನೊಂದು ಕೊಳ್ಳಲೇ ಇಲ್ಲ. ಆ ಶಬ್ದ ಇವತ್ತಿಗೂ ಕಿವೀಲಿದೆ. ಅದಕ್ಕೇ ಹೇಳೋದು, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಬಿಗಿ ಅನ್ನಿಸಿದ ತಕ್ಷಣ ಕೈ ತೆಗೀಬೇಕು.

— ನನಗೆ ಭಯ ಆಗ್ತಿದೆ.

— ಭಯ ಇದ್ರೆ ಒಳ್ಳೇದು, ಕೈ ನಿಧಾನ ಆಗುತ್ತೆ. ನಿನ್ನ ಗಿಟಾರಿಗೆ ಕೀ ಹಾಕೋದು ಸೌಂಡ್ ಹೋಲ್ ಕಡೆಯಿಂದ. ಮಧ್ಯದ ಎರಡು ತಂತಿ ಸಡಿಲಿಸು, ಕೈ ಹೋಗೋಕೆ ಜಾಗ ಆಗುತ್ತೆ. ಗಿಟಾರ್ ಜೊತೆ ಬಂದ ಅಲೆನ್ ಕೀ ಇದೆಯಾ? ಅದು ತಳದವರೆಗೆ ಕೂತಿದೆ ಅಂತ ಖಾತ್ರಿ ಮಾಡ್ಕೋ. ಅರ್ಧ ಕೂತ ಕೀ ಹಲ್ಲು ತಿನ್ನುತ್ತೆ. ಹಾಂ. ಈಗ ಗಡಿಯಾರದ ಮುಳ್ಳು ತಿರುಗೋ ಕಡೆಗೆ ಕಾಲು ಸುತ್ತು. ಸಾಕು. ಮತ್ತೆ ಶ್ರುತಿ ಮಾಡು.

— ಈ ರಾಡ್ ಎಲ್ಲಾ ಗಿಟಾರಲ್ಲೂ ಇರುತ್ತಾ?

— ಈಗಿನ ಸ್ಟೀಲ್ ತಂತಿ ಗಿಟಾರಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಇದೆ. ಕ್ಲಾಸಿಕಲ್ ಗಿಟಾರಲ್ಲಿ ಸಾಮಾನ್ಯವಾಗಿ ಇರಲ್ಲ, ನೈಲಾನಿನ ಎಳೆತ ಕಡಿಮೆ. ಹೀಗೆ ಹೊರಗಿಂದ ತಿರುಗಿಸಬಹುದಾದ ರಾಡಿಗೆ 1923ರಲ್ಲಿ ಪೇಟೆಂಟ್ ಸಿಕ್ಕಿದ್ದು ಗಿಬ್ಸನ್ ಕಂಪನೀಲಿ ಕೆಲಸ ಮಾಡ್ತಿದ್ದ ಥ್ಯಾಡಿಯಸ್ ಮೆಕ್‌ಹ್ಯೂ ಅನ್ನೋರಿಗೆ. ಮಾರ್ಟಿನ್‌ನವರು ಅದನ್ನ ಹಾಕೋಕೆ ಶುರು ಮಾಡಿದ್ದು 1985ರಲ್ಲಿ. ಅಲ್ಲಿವರೆಗೆ ನೆಕ್ಕಿನೊಳಗೆ ತಿರುಗಿಸೋಕೆ ಬಾರದ ಗಟ್ಟಿ ಪಟ್ಟಿ ಇಟ್ಟೇ ಮಾಡಿದ್ರು. ಶ್ರುತಿ ಆಯ್ತಾ? ಮತ್ತೆ ಕ್ಯಾಪೊ ಹಾಕಿ ಅಳೆ.

— 0.25 ಸವರಿಕೊಂಡು ಹೋಗ್ತಿದೆ. ಹನ್ನೆರಡನೇ ಫ್ರೆಟ್ಟಲ್ಲಿ ಈಗ... 3.2. ಸಣ್ಣದು 2.5.

— ನೋಡಿದ್ಯಾ, ಬಾಗು ಸರಿಯಾದಾಗ ಎತ್ತರವೂ ಚೂರು ಇಳೀತು. ಇದರಿಂದ ಇನ್ನು ಆಸೆ ಪಡೋದು ಬೇಡ, ರಾಡಿನ ಕೆಲಸ ಮುಗೀತು. ಈಗ ನಟ್ ಕಡೆ ಬರೋಣ. ದಪ್ಪ ತಂತಿಯನ್ನ ಮೂರನೇ ಫ್ರೆಟ್ಟಿನ ಹಿಂದೆ ಒತ್ತಿ ಹಿಡಿ, ಮೊದಲನೇ ಫ್ರೆಟ್ ಮೇಲೆ ತಂತಿಯನ್ನ ಬೆರಳಲ್ಲಿ ತಟ್ಟು. ಟಿಕ್ ಅಂತಾ?

— ಸಣ್ಣಗೆ ಅಂತು. ಸಂದಿ ಕಣ್ಣಿಗೆ ಕಾಣ್ಸೋದೇ ಕಷ್ಟ.

— ಅಷ್ಟೇ ಇರ್ಬೇಕು. ಒಂದೊಂದು ತಂತಿಗೂ ಹಾಗೇ ನೋಡು. ಟಿಕ್ ಅನ್ನದೆ ಫ್ರೆಟ್ಟಿಗೆ ಅಂಟಿಕೊಂಡೇ ಇದ್ರೆ ನಟ್ಟಿನಲ್ಲಿ ಆ ತಂತಿ ಕೂರೋ ಗಾಡಿ ತುಂಬಾ ಆಳ ಅಂತ. ತೆರೆದ ತಂತಿ ಮೀಟಿದಾಗ ಜಿರ್ ಅನ್ನುತ್ತೆ.

— ಮೂರನೇ ತಂತಿ ಒಂದು ಜಾಸ್ತಿ ಎದ್ದಿದೆ. ಉಳಿದವು ಸರಿ.

— ಅದನ್ನ ಬಿಡು. ನಟ್ಟಿನ ಗಾಡಿ ಕೊರೆಯೋಕೆ ಆಯಾ ತಂತಿಯ ದಪ್ಪಕ್ಕೆ ಸರಿಯಾದ ಅರ ಬೇಕು, ನನ್ನ ಹತ್ರ ಇಲ್ಲ. ಬ್ಲೇಡಲ್ಲಿ ಕೊರೆದು ಕೆಡಿಸೋದು ಬೇಡ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋದಾಗ ಬಲ್ಲವರ ಹತ್ರ ಮಾಡಿಸು, ಐದು ನಿಮಿಷದ ಕೆಲಸ. ಉಳಿದಿದ್ದು ಸ್ಯಾಡಲ್. ಇವತ್ತಿನ ನಿಜವಾದ ಕೆಲಸ ಇದು. ಈಗ ಹೇಳು, ಹನ್ನೆರಡನೇ ಫ್ರೆಟ್ಟಲ್ಲಿ 3.2 ಇದ್ದದ್ದು 2.6 ಆಗ್ಬೇಕು. ಸ್ಯಾಡಲಿಂದ ಎಷ್ಟು ತೆಗೀಬೇಕು?

— 0.6.

— ಅಲ್ಲ. ಬಹಳ ಜನ ಇಲ್ಲೇ ತಪ್ಪೋದು. ಅಡಿಕೆ ಕೊಯ್ಲಿನ ಏಣಿ ನೆನಪು ಮಾಡ್ಕೋ. ಮರಕ್ಕೆ ಒರಗಿಸಿದ ಏಣಿಯ ತಲೆಯನ್ನ ಒಂದು ಅಡಿ ಇಳಿಸಿದ್ರೆ, ಅದರ ನಟ್ಟನಡುವಿನ ಮೆಟ್ಟಿಲು ಎಷ್ಟು ಇಳಿಯುತ್ತೆ?

— ಅರ್ಧ ಅಡಿ... ಓ! ಹನ್ನೆರಡನೇ ಫ್ರೆಟ್ ತಂತಿಯ ಅರ್ಧಕ್ಕೆ ಇದೆ.

— ನಟ್ಟಿಂದ ಸ್ಯಾಡಲಿಗೆ ಸುಮಾರು 65 ಸೆಂಟಿಮೀಟರ್, ಅದರ ಸರಿ ಅರ್ಧದಲ್ಲಿ ಹನ್ನೆರಡನೇ ಫ್ರೆಟ್. ಅಲ್ಲಿ 0.6 ಇಳೀಬೇಕಾದ್ರೆ ಸ್ಯಾಡಲಲ್ಲಿ 1.2 ಹೋಗ್ಬೇಕು. ಸಣ್ಣ ತಂತಿ 2.5ರಿಂದ 1.9ಕ್ಕೆ ಬರ್ಬೇಕು, ಅದೂ 0.6. ಅಂದ್ರೆ ಎರಡು ತುದೀಲೂ ಸಮ. ನಮ್ಮ ಅದೃಷ್ಟ, ಓರೆಯಾಗಿ ಉಜ್ಜೋ ತಾಪತ್ರಯ ಇಲ್ಲ. ಸ್ಯಾಡಲ್ ಬ್ರಿಡ್ಜಿನ ಮರದಿಂದ ಎಷ್ಟು ಮೇಲಿದೆ ಅಂತಲೂ ಅಳೆ. 1.2 ತೆಗೆದ ಮೇಲೂ ಉಳೀಬೇಕಲ್ಲ.

— ಮಧ್ಯದಲ್ಲಿ ನಾಲ್ಕೂವರೆ.

— ಮೂರು ಚಿಲ್ಲರೆ ಉಳಿಯುತ್ತೆ, ಸಾಕು. ತೀರಾ ತಗ್ಗಿದ್ರೆ ತಂತಿ ಸ್ಯಾಡಲ್ ಮೇಲೆ ಬಾಗಿ ಒತ್ತಿ ಕೂರಲ್ಲ, ನಾದ ಸಪ್ಪೆ ಆಗುತ್ತೆ. ತಂತಿ ಎಲ್ಲಾ ಪೂರ್ತಿ ಸಡಿಲಿಸು. ಐದನೇ ಫ್ರೆಟ್ಟಿಗೆ ಕ್ಯಾಪೊ ಹಾಕು, ತಂತಿ ಬಿರಡೆಯಿಂದ ಬಿಚ್ಚಿ ಹೋಗಲ್ಲ. ಬ್ರಿಡ್ಜಿನಲ್ಲಿ ತಂತಿ ಹಿಡಿದಿರೋ ಪಿನ್ನುಗಳನ್ನ ಇಕ್ಕಳದಲ್ಲಿ ಕೀಳಬೇಡ, ತಲೆ ಮುರಿಯುತ್ತೆ. ಸೌಂಡ್ ಹೋಲಲ್ಲಿ ಕೈ ಹಾಕಿ, ಒಂದು ರೂಪಾಯಿ ನಾಣ್ಯದಿಂದ ಪಿನ್ನಿನ ಬುಡವನ್ನ ಕೆಳಗಿಂದ ಒತ್ತು.

— ಬಂತು. ಒಂದು, ಎರಡು... ಆರೂ ಬಂದವು.

— ಬಂದ ಸಾಲಲ್ಲೇ ಥರ್ಮೊಕೋಲಿಗೆ ಚುಚ್ಚಿಡು. ಸ್ಯಾಡಲ್ ಬೆರಳಲ್ಲೇ ಬರುತ್ತಾ ನೋಡು. ಬಂತಲ್ಲ. ದಪ್ಪ ತಂತಿಯ ತುದಿಗೆ ಪೆನ್ಸಿಲಲ್ಲಿ ಒಂದು ಗುರುತು ಹಾಕು, ತಿರುಗಿಸಿ ಕೂರಿಸಿದ್ರೆ ಸ್ವರ ತಪ್ಪುತ್ತೆ. ಈಗ ಇದರ ತಲೆ ನೋಡು. ಕಮಾನಿನ ಹಾಗೆ ಬಾಗಿದೆ, ಎರಡನೇ ತಂತಿಯ ಕಡೆ ಚೂರು ಹಿಂದಕ್ಕೆ ತೀಡಿದ್ದಾರೆ. ಅದನ್ನ ಮಾಡಿದವರು ಲೆಕ್ಕ ಹಾಕಿ ಮಾಡಿದ್ದಾರೆ, ಅದಕ್ಕೆ ಕೈ ಹಚ್ಚಬಾರದು. ಉಜ್ಜೋದೆಲ್ಲ ತಳವನ್ನ. ತಳದಿಂದ 1.2 ಮಿಲಿಮೀಟರಿಗೆ ಸುತ್ತಲೂ ಚೂಪು ಪೆನ್ಸಿಲಲ್ಲಿ ಗೆರೆ ಎಳಿ. ತಳದ ಮೇಲೂ ಅಡ್ಡಡ್ಡ ಗೀಚು.

— ತಳಕ್ಕೆ ಯಾಕೆ?

— ಉಜ್ಜುವಾಗ ಗೊತ್ತಾಗುತ್ತೆ. ಅಡುಗೆಮನೆಗೆ ನಡಿ. ಮನೇಲಿ ಅತಿ ಸಪಾಟಾಗಿರೋದು ಆ ಗ್ರಾನೈಟ್ ಕಟ್ಟೆ. ಒರೆಸು, 180 ನಂಬರಿನ ಸ್ಯಾಂಡ್ ಪೇಪರನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸು. ಸ್ಯಾಡಲನ್ನ ಈ ಚೌಕ ಮರದ ತುಂಡಿಗೆ ಒತ್ತಿ ಹಿಡಿ, ನೆಟ್ಟಗೆ ನಿಲ್ಲೋ ಹಾಗೆ. ಉದ್ದಕ್ಕೆ ತಳ್ಳು, ಎಳಿ. ಭಾರ ಹಾಕಬೇಡ, ಕಾಗದವೇ ಕೆಲಸ ಮಾಡ್ಲಿ. ಹತ್ತು ಸಲ ಆದ್ಮೇಲೆ ತಿರುಗಿಸಿ ನೋಡು.

— ಒಂದು ತುದೀಲಿ ಪೆನ್ಸಿಲ್ ಗೀಚು ಹೋಗಿದೆ, ಇನ್ನೊಂದು ತುದೀಲಿ ಹಾಗೇ ಇದೆ.

— ಅದಕ್ಕೇ ಗೀಚಿಸಿದ್ದು. ನಿನ್ನ ಬಲಗೈ ಹೆಬ್ಬೆರಳು ಜಾಸ್ತಿ ಒತ್ತುತ್ತಿದೆ. ಎಲ್ಲರಿಗೂ ಹಾಗೇ ಆಗುತ್ತೆ. ಸ್ಯಾಡಲನ್ನ ತಿರುಗಿಸಿ ಹಿಡಿದು ಇನ್ನು ಹತ್ತು ಸಲ. ಮತ್ತೆ ಗೀಚು. ಮತ್ತೆ ಉಜ್ಜು. ಗೀಚು ಎಲ್ಲಾ ಕಡೆ ಒಟ್ಟಿಗೆ ಮಾಸಿದ್ರೆ ತಳ ಸಪಾಟಾಗಿದೆ ಅಂತ. ತಳಕ್ಕೂ ಬ್ರಿಡ್ಜಿನ ಗಾಡಿಗೂ ನಡುವೆ ಕೂದಲಷ್ಟು ಸಂದಿ ಉಳಿದ್ರೂ ನಾದ ಹಲಗೆಗೆ ಪೂರ್ತಿ ಇಳಿಯಲ್ಲ. ಪಿಕಪ್ ಇರೋ ಗಿಟಾರಲ್ಲಿ ಸ್ಯಾಡಲ್ ಕೆಳಗೇ ಅದರ ಪಟ್ಟಿ ಇರುತ್ತೆ, ತಳ ಓರೆಯಾದ್ರೆ ಒಂದು ತಂತಿ ಜೋರು, ಒಂದು ತಂತಿ ಮೆಲ್ಲಗೆ ಕೇಳುತ್ತೆ.

— ಪುಡಿ ನೋಡಿ ಮಾವ, ಅಕ್ಕಿ ಹಿಟ್ಟಿನ ಹಾಗೆ.

— ಇದು ಪ್ಲಾಸ್ಟಿಕ್, ಬೇಗ ಸವೆಯುತ್ತೆ, ಕೈ ಹದವಾಗಿರಲಿ. ಮೂಳೆಯ ಸ್ಯಾಡಲ್ ಆದ್ರೆ ಇದರ ಎರಡರಷ್ಟು ಹೊತ್ತು ಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಉಜ್ಜಬೇಕು. ಗೆರೆಗೆ ಎಷ್ಟು ದೂರ ಇದ್ದೀಯ?

— ಅರ್ಧ ಬಂದಿದ್ದೀನಿ. ಇನ್ನೊಂದು ಇಪ್ಪತ್ತು ಸಲ ತಳ್ಳಿದ್ರೆ...

— ನಿಲ್ಲಿಸು. ಅರ್ಧಕ್ಕೆ ಒಂದು ಸಲ ಗಿಟಾರಿಗೆ ಹಾಕಿ ನೋಡ್ಬೇಕು. ಗೊತ್ತು, ಮತ್ತೆ ಪಿನ್ನು, ಮತ್ತೆ ಶ್ರುತಿ, ಹದಿನೈದು ನಿಮಿಷ ಹೋಗುತ್ತೆ. ಹೋಗ್ಲಿ. ಉಜ್ಜಿದ್ದು ವಾಪಸ್ ಬರಲ್ಲ.

— ಜಾಸ್ತಿ ಉಜ್ಜಿಬಿಟ್ರೆ ಏನೂ ಮಾಡೋಕಾಗಲ್ವಾ?

— ಮರದ ತೆಳು ಹೊಪ್ಪಳಿಕೆಯನ್ನೋ ಗಟ್ಟಿ ಕಾಗದದ ಪಟ್ಟಿಯನ್ನೋ ಅಡಿಗೆ ಇಟ್ಟು ಏರಿಸಬಹುದು, ಬಹಳ ಜನ ಹಾಗೇ ನುಡಿಸ್ತಾರೆ. ಇಲ್ಲಾಂದ್ರೆ ಹೊಸ ಸ್ಯಾಡಲ್ ಕೊಳ್ಳಬಹುದು, ಗಿಟಾರಿನ ಅಗ್ಗದ ಬಿಡಿಭಾಗಗಳಲ್ಲಿ ಅದೂ ಒಂದು. ಅದಕ್ಕೇ ನಾನು ಧೈರ್ಯವಾಗಿ ನಿನ್ನ ಕೈಗೆ ಕೊಟ್ಟಿದ್ದು. ಟ್ರಸ್ ರಾಡ್ ಹೋದ್ರೆ ನೆಕ್ಕೇ ಹೋಯ್ತು, ಸ್ಯಾಡಲ್ ಹೋದ್ರೆ ಇನ್ನೊಂದು. ತಂತಿ ಹಾಕುವಾಗ ಒಂದು ಗಮನ ಇರಲಿ. ತುದಿಯ ಗುಂಡು ಪಿನ್ನಿನ ಕೆಳಗೆ ಸಿಕ್ಕಿಕೊಳ್ಳಬಾರದು, ಪಕ್ಕದ ಮರಕ್ಕೆ ಒತ್ತಿ ಕೂರ್ಬೇಕು. ಪಿನ್ ಒತ್ತಿಕೊಂಡೇ ತಂತಿಯನ್ನ ಮೇಲಕ್ಕೆ ಜಗ್ಗು, ಟಕ್ ಅಂತ ಕೂರುತ್ತೆ.

— ಕೂತಿತು. ಅಳೀತೀನಿ... 2.9. ಮಾವ, ಲೆಕ್ಕ ಸರಿಯಾಗಿ ಬಂತು! ಅಲ್ಲಿ 0.6 ತೆಗೆದೆ, ಇಲ್ಲಿ 0.3 ಇಳೀತು.

— ಏಣಿ ಸುಳ್ಳು ಹೇಳಲ್ಲ. ಉಳಿದ ಅರ್ಧ ಉಜ್ಜು ಹೋಗು.

— ತಂತಿ ಎತ್ತರ ಇದ್ರೇನೇ ಒಳ್ಳೇದು ಅನ್ನೋರೂ ಇದಾರಾ ಮಾವ?

— ಇದಾರೆ. ಫ್ರೆಟ್ಟಿಗೆ ಒತ್ತದೆ ಉಕ್ಕಿನ ಸಲಾಕೆಯನ್ನ ತಂತಿ ಮೇಲೆ ಜಾರಿಸಿ ನುಡಿಸೋರಿಗೆ ಎತ್ತರವೇ ಬೇಕು. ತಂತಿ ತಗ್ಗಿದ್ರೆ ಸಲಾಕೆ ಫ್ರೆಟ್ಟಿಗೆ ಬಡಿಯುತ್ತೆ. ಕೋಲ್ಕತ್ತದಲ್ಲಿ ಹವಾಯಿಯನ್ ಗಿಟಾರ್ ಒಂದು ಕಾಲಕ್ಕೆ ಮನೆಮನೆಯ ವಾದ್ಯವಾಗಿತ್ತು. ವಿಶ್ವಮೋಹನ ಭಟ್ಟರ ಮೋಹನವೀಣೆ ಅದೇ ಜಾತಿಯ ಗಿಟಾರಿಂದ ಬಂದದ್ದು. ರೈ ಕೂಡರ್ ಜೊತೆ ಅವರು ನುಡಿಸಿದ ಆಲ್ಬಮ್ಮಿಗೆ 1994ರಲ್ಲಿ ಗ್ರ್ಯಾಮಿ ಬಂತು. ಅವರ ತಂತಿಯ ಎತ್ತರ ಅವರ ನುಡಿಸಾಣಿಕೆಗೆ ಬೇಕಾದದ್ದು. ನಿನ್ನದು ಯಾರಿಗೂ ಬೇಡದ ಎತ್ತರ. ಇನ್ನೊಂದು ಕಾರಣಕ್ಕೂ ಬೇಡ. ಎತ್ತರದ ತಂತಿಯನ್ನ ಫ್ರೆಟ್ಟಿಗೆ ಮುಟ್ಟಿಸುವಾಗ ಅದು ಹೆಚ್ಚು ಹಿಗ್ಗುತ್ತೆ, ಸ್ವರ ಏರುತ್ತೆ. ವೀಣೆಯವರು ಗಮಕಕ್ಕೆ ಬೇಕಂತಲೇ ತಂತಿ ಎಳೀತಾರೆ. ನೀನು ಎಳೆಯೋಕೆ ಹೋಗಿಲ್ಲ, ಆದ್ರೂ ನಿನ್ನ ಕಾರ್ಡ್ ಅಪಶ್ರುತಿ ಆಗುತ್ತೆ.

— ತೆರೆದ ತಂತಿ ಶ್ರುತೀಲಿದ್ರೂ ಕಾರ್ಡ್ ಹಿಡಿದಾಗ ಏನೋ ಹುಳಿ ಅನ್ನಿಸ್ತಿತ್ತು. ನನ್ನ ಕಿವಿಯೇ ಸರಿ ಇಲ್ಲ ಅಂದ್ಕೊಂಡಿದ್ದೆ.

— ಕಿವಿ ಸರಿಯಾಗಿಯೇ ಕೇಳಿದೆ. ಗೆರೆ ಮುಟ್ಟಿತಾ?

— ಮುಟ್ಟಿತು. ಗೆರೆ ಅರ್ಧ ಮಾಸಿದೆ, ಅರ್ಧ ಕಾಣ್ತಿದೆ.

— ಅಲ್ಲಿಗೆ ಬಿಡು. ನುಣುಪು ಕಾಗದದಲ್ಲಿ ಎರಡು ಸಲ ಸವರಿ, ಗಾಡಿಯ ಪುಡಿ ಊದಿ, ಗುರುತು ದಪ್ಪ ತಂತಿ ಕಡೆಗೇ ಬರೋ ಹಾಗೆ ಕೂರಿಸು. ಶ್ರುತಿ ಮಾಡಿ ಒಂದು ಹತ್ತು ನಿಮಿಷ ಬಿಡೋಣ, ಎಲ್ಲಾ ಒತ್ತಿಕೊಂಡು ಕೂರ್ಲಿ. ಅಷ್ಟರಲ್ಲಿ ಕಾಫಿ ಆಗುತ್ತೆ.

— ಹತ್ತು ನಿಮಿಷ ಆಯ್ತು. ಶ್ರುತಿ ಸ್ವಲ್ಪ ಇಳಿದಿತ್ತು, ಸರಿ ಮಾಡ್ದೆ. 2.6. ಸಣ್ಣದು 1.9, ಅಥವಾ 2 ಇರಬಹುದು.

— ಈಗ ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಲ್ಲೂ ಒತ್ತಿ ಮೀಟು. ಆತುರ ಬೇಡ. ಕೆಳಗಿನ ನಾಲ್ಕೈದು ಫ್ರೆಟ್ಟಲ್ಲಿ ಮಾತ್ರ ಜಿರ್ ಅಂದ್ರೆ ನೆಕ್ ಅತಿ ನೆಟ್ಟಗಾಗಿದೆ ಅಂತ, ರಾಡನ್ನ ಚೂರು ವಾಪಸ್ ಬಿಡ್ಬೇಕು. ಮೇಲಿನ ಫ್ರೆಟ್ಟಲ್ಲಿ ಅಂದ್ರೆ ಸ್ಯಾಡಲ್ ತಗ್ಗಾಯ್ತು ಅಂತ. ಯಾವುದೋ ಒಂದೇ ಜಾಗದಲ್ಲಿ ಅಂದ್ರೆ ಅಲ್ಲಿನ ಫ್ರೆಟ್ ಎದ್ದಿದೆ ಅಂತ.

— ಎಲ್ಲೂ ಇಲ್ಲ. ಆರನೇ ತಂತಿ ಜೋರಾಗಿ ಮೀಟಿದ್ರೆ ಮಾತ್ರ ಚೂರು.

— ಅಷ್ಟು ಜೋರಾಗಿ ನೀನು ಮೀಟಲ್ಲ. ಆ ಅಳತೆಗಳನ್ನೆಲ್ಲ ಒಂದು ಚೀಟೀಲಿ ಬರೆದು, ಇವತ್ತಿನ ತಾರೀಕು ಹಾಕಿ, ಕೇಸಿನೊಳಗೆ ಅಂಟಿಸು. ದೀಪಾವಳಿ ಕಳೆದ ಮೇಲೆ ಮತ್ತೆ ಅಳೆದು ಪಕ್ಕದಲ್ಲಿ ಬರಿ. ಮುಂದಿನ ಸಲ ತಂತಿ ಬದಲಾಯಿಸುವಾಗ 12ರ ಬದಲು ಅದಕ್ಕಿಂತ ತೆಳುವಾದ 11ರ ಸೆಟ್ ಹಾಕು, ಎಳೆತ ಇನ್ನೂ ಕಡಿಮೆ ಆಗುತ್ತೆ. ಆಗ ನೆಕ್ಕಿನ ಬಾಗು ಮತ್ತೆ ನೋಡ್ಬೇಕು, ಮರೀಬೇಡ. ಸರಿ, ಈಗ ಎಫ್ ಹಿಡಿ.

— ಐದು ತಂತಿ ನುಡೀತು ಮಾವ! ಮೂರನೇದು ಮಾತ್ರ ಜಿರ್ ಅಂತಿದೆ. ನಟ್ ಎತ್ತರ ಇದೆ ಅಂದ್ರಲ್ಲ, ಅದಕ್ಕೇನಾ?

— ಅಲ್ಲ, ನಟ್ ಎತ್ತರ ಇದ್ರೆ ಒತ್ತೋಕೆ ಕಷ್ಟ, ಜಿರ್ ಅನ್ನಲ್ಲ. ಇದು ಬೆರಳು. ನಡುಬೆರಳು ಫ್ರೆಟ್ಟಿಂದ ದೂರ ಇದೆ. ಮುಂದಕ್ಕೆ ಸರಿಸು. ಇನ್ನೂ. ಫ್ರೆಟ್ಟಿನ ಪಕ್ಕಕ್ಕೆ. ಈಗ ಮೀಟು.